ಕೇಳೋಕೆ ಬಂದ್ರೆ ಸಾಲ್ದು, ಉತ್ತರ ಅರ್ಥ ಆಗ್ಬೇಕು

ಟ್ರೆಕ್ಕಿಗೆ ಅಂತ ನೇಪಾಳಕ್ಕೆ ಬರೋರ ಹತ್ರ ಸಾಮಾನ್ಯವಾಗಿ ಒಂದು ಚೀಟಿ ಇರುತ್ತೆ, ಇಲ್ಲಾಂದ್ರೆ ಮೊಬೈಲಲ್ಲಿ ಒಂದು ಸ್ಕ್ರೀನ್‌ಶಾಟ್. ನಮಸ್ತೆ, ಧನ್ಯವಾದ್, "ಯೋ ಕತಿ ಹೋ" ಅಂದ್ರೆ ಇದೆಷ್ಟು, "ಕತಿ ಘಂಟಾ ಲಾಗ್ಛ" ಅಂದ್ರೆ ಎಷ್ಟು ಗಂಟೆ ಆಗುತ್ತೆ. ಇಷ್ಟನ್ನ ಬಾಯಿಪಾಠ ಮಾಡ್ಕೊಂಡು ದಾರೀಲಿ ಸಿಕ್ಕಿದೋರನ್ನ ಚೆನ್ನಾಗೇ ಕೇಳ್ತಾರೆ, ಕೇಳಿಸ್ಕೊಂಡೋರು ಖುಷಿಯಾಗಿ, ಓ ಇವ್ರಿಗೆ ಭಾಷೆ ಬರುತ್ತೆ ಅಂತ ಒಂದೇ ಉಸಿರಲ್ಲಿ ಉತ್ತರ ಹೇಳ್ಬಿಡ್ತಾರೆ, ಆಗ ಇವ್ರು ಗೈಡ್ ಮುಖ ನೋಡ್ತಾರೆ. ಅಲ್ಲಿಗೆ ಮಾತು ಮುಗೀತು. ಕಾಠ್ಮಂಡು ಪಕ್ಕದ ಪಾಟನ್‌ಗೆ ಬಂದು ನನಗಿದು ಏಳನೇ ವರ್ಷ, ಅದ್ರಲ್ಲಿ ನಾಲ್ಕು ವರ್ಷದಿಂದ ಇಲ್ಲಿ ಒಬ್ರು ದಿದಿ, ಅಂದ್ರೆ ಅಕ್ಕ, ನಡೆಸೋ ನೇಪಾಳಿ ಕ್ಲಾಸಲ್ಲಿ ಸಹಾಯ ಮಾಡ್ತಿದೀನಿ, ಭಾರತದಿಂದ ಬರೋ ಬ್ಯಾಚ್ ಇದ್ರೆ ನಾನೇ ತಗೊಳ್ತೀನಿ. ನಾಲ್ಕು ದಿನ, ಬೆಳಗ್ಗೆ ಏಳರಿಂದ ಒಂಬತ್ತು, ಅಷ್ಟೇ ಕ್ಲಾಸು. ಎಂಟು ಗಂಟೇಲಿ ಏನು ಕಲಿಸೋಕಾಗುತ್ತೆ ಅಂತ ಕೇಳೋರಿಗೆ ನಾನು ಹೇಳೋದು ಒಂದೇ ಮಾತು, ಪ್ರಶ್ನೆ ಕೇಳೋದನ್ನ ಕಲಿಸೋಕೆ ಅರ್ಧ ಗಂಟೆ ಸಾಕು, ಮಿಕ್ಕಿದ್ದೆಲ್ಲಾ ಉತ್ತರ ಅರ್ಥ ಮಾಡ್ಕೊಳ್ಳೋದಕ್ಕೆ ಇಡಿ.

ಅದಕ್ಕೇ ನಮ್ಮ ಮೊದಲನೇ ದಿನ ಯಾರೂ ಬಾಯಿ ಬಿಡೋ ಹಾಗಿಲ್ಲ. ದಿದಿ "ಉಠ್ನುಸ್" ಅಂತಾರೆ, ತಾವೇ ಏಳ್ತಾರೆ, ಎಲ್ರೂ ಏಳ್ತಾರೆ. "ಬಸ್ನುಸ್", ಕೂರ್ತಾರೆ. "ಆಉನುಸ್" ಬನ್ನಿ, "ಜಾನುಸ್" ಹೋಗಿ, "ದಿನುಸ್" ಕೊಡಿ, "ಪಾನಿ ದಿನುಸ್" ನೀರು ಕೊಡಿ. ಹತ್ತು ನಿಮಿಷ ಆದ್ಮೇಲೆ ದಿದಿ ಬರೀ ಹೇಳ್ತಾರೆ, ಮಾಡಿ ತೋರಿಸಲ್ಲ. ಹೇಳಿದ್ದನ್ನ ಮೈಯಲ್ಲಿ ಮಾಡ್ತಾ ಭಾಷೆ ಕಲಿಯೋ ಈ ಪದ್ಧತಿಯನ್ನ 1960ರ ದಶಕದಲ್ಲಿ ಅಮೆರಿಕದ ಜೇಮ್ಸ್ ಆಶರ್ ಅನ್ನೋ ಮನಃಶಾಸ್ತ್ರದ ಪ್ರೊಫೆಸರ್ ಬೆಳೆಸಿದ್ದು, ಆದ್ರೆ ನಮ್ಮ ಮನೇಲಿ ಅಜ್ಜಿಯರು ಮಗೂಗೆ "ತಾರಮ್ಮಯ್ಯ ಮಾಡು, ಚಪ್ಪಾಳೆ ತಟ್ಟು" ಅಂತ ಹೇಳ್ಕೊಡೋದೂ ಇದೇ ಅಲ್ವಾ. ಇದ್ರಲ್ಲಿ ಇನ್ನೊಂದು ಲಾಭ ಇದೆ, ಮೊದಲ ದಿನದಿಂದ ಕಿವಿಗೆ ಬೀಳೋದು ಬರೀ "ನುಸ್" ರೂಪ, ಅಂದ್ರೆ ನಮ್ಮ "ಕೊಡಿ, ಬನ್ನಿ, ಕೂತ್ಕೊಳ್ಳಿ". ನೇಪಾಳಿಯಲ್ಲಿ ನೀನು, ನೀವು ಅನ್ನೋಕೆ ಮರ್ಯಾದೆ ಏರ್ತಾ ಹೋಗೋ ಹಾಗೆ ತ, ತಿಮಿ, ತಪಾಈ ಅಂತ ಮೂರು ಮೆಟ್ಟಿಲಿದೆ, ಅದ್ರ ಮೇಲೆ ಹಜುರ್ ಬೇರೆ. ನಾವು ತಪಾಈ ಬಿಟ್ಟು ಬೇರೇದನ್ನ ಕಲಿಸೋದೇ ಇಲ್ಲ. ಲಗೇಜ್ ಹೊರೋ ಹುಡುಗನಿಗೂ ತಪಾಈ, ಹೋಟೆಲಲ್ಲಿ ತಟ್ಟೆ ತೆಗೆಯೋರಿಗೂ ತಪಾಈ. ಇದ್ರಲ್ಲಿ ನಾನು ಹಠ ಮಾಡ್ತೀನಿ, ಯಾಕಂದ್ರೆ ನಮ್ ಕಡೆಯಿಂದ ಬರೋ ಎಷ್ಟೋ ಜನ ಹಿಂದಿಯ "ತುಮ್" ಅಭ್ಯಾಸದಲ್ಲಿ ಸೀದಾ ತಿಮಿಗೆ ಇಳಿದುಬಿಡ್ತಾರೆ.

ಈ ಹಿಂದಿ ವಿಷಯ ಬಂತಲ್ಲ, ಹೇಳ್ಬಿಡ್ತೀನಿ. ಹಿಂದಿ ಬರೋರು "ನೇಪಾಳಿ ಅಂದ್ರೆ ಹಿಂದಿ ತರಾನೇ ತಾನೇ" ಅಂತ್ಲೇ ಕ್ಲಾಸಿಗೆ ಬರ್ತಾರೆ. ಅದೊಂದು ಪೂರಾ ಬೇರೆ ಭಾಷೆ, ನಮ್ಮ ಸಂವಿಧಾನದ ಎಂಟನೇ ಶೆಡ್ಯೂಲಲ್ಲೇ 1992ರಲ್ಲಿ ಕೊಂಕಣಿ, ಮಣಿಪುರಿ ಜೊತೆ ಸೇರಿದೆ. ಹೋದ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯಿಂದ ಒಂದು ಗುಂಪು ಬಂದಿತ್ತು, ಮುಕ್ತಿನಾಥ ಯಾತ್ರೆಗೆ ಹೊರಟಿದ್ರು. ಅದ್ರಲ್ಲಿ ಒಬ್ರು ಹಿರಿಯರು, ಹಿಂದಿ ಬಹಳ ಚೆನ್ನಾಗಿತ್ತು. ದಿದಿ "ಮ ಪನಿ ಜಾನ್ಛು" ಅಂದ್ರೆ ಇವರು ತಕ್ಷಣ ಬ್ಯಾಗಿಂದ ನೀರಿನ ಬಾಟ್ಲಿ ತೆಗೆದು ಕೊಟ್ರು. ದಿದಿ ಹೇಳಿದ್ದು "ನಾನೂ ಹೋಗ್ತೀನಿ" ಅಂತ. ಪನಿ ಅಂದ್ರೆ ಕನ್ನಡದ "ನಾನೂ, ನೀನೂ" ಅನ್ನೋದ್ರಲ್ಲಿ ಇರೋ ಆ ಊ. ಪಾನಿ ಅಂದ್ರೆ ನೀರು. ಆಗ ದಿದಿ ಅಲ್ಲೇ ಒಂದು ಆಟ ಮಾಡಿದ್ರು, "ಪನಿ" ಕೇಳಿದ್ರೆ ಕೈ ಎತ್ತಬೇಕು, "ಪಾನಿ" ಕೇಳಿದ್ರೆ ಲೋಟ ಎತ್ತಬೇಕು. ಐದು ನಿಮಿಷದಲ್ಲಿ ಆ ಹಿರಿಯರೇ ಎಲ್ರಿಗಿಂತ ಮುಂದೆ ಇದ್ರು. ಯುರೋಪಿನೋರಿಗೆ ಇದೇ ಆಟ ಸಾಥಿ, ಸಾಠಿ ಇಟ್ಕೊಂಡು ಆಡಿಸ್ತೀವಿ. ಸಾಥಿ ಅಂದ್ರೆ ಫ್ರೆಂಡು, ಸಾಠಿ ಅಂದ್ರೆ 60. ಅವರಿಗೆ ಎರಡೂ ಒಂದೇ ತರ ಕೇಳ್ಸುತ್ತೆ, ಕಿವಿ ಬೇರೆ ಮಾಡೋಕೆ ಎರಡು ದಿನ ಬೇಕು. ನಮ್ಮೋರಿಗೆ ಥ ಮತ್ತೆ ಠ ಬೇರೆ ಅನ್ನೋದು ಹುಟ್ಟಿನಿಂದ ಬಂದಿರುತ್ತೆ.

ಕನ್ನಡದೋರಿಗೆ ನೇಪಾಳಿ ಎಷ್ಟು ಹತ್ರ ಅಂತ ನನಗೆ ಗೊತ್ತಾಗಿದ್ದು ಕಲಿಸೋಕೆ ಶುರು ಮಾಡಿದ್ಮೇಲೇ. ನೇಪಾಳಿಯಲ್ಲಿ ಹೋ ಮತ್ತೆ ಛ ಅಂತ ಎರಡು ಇದೆ, ಇಂಗ್ಲಿಷಲ್ಲೂ ಹಿಂದಿಯಲ್ಲೂ ಅದಕ್ಕೆ ಒಂದೇ ಪದ, ಅದಕ್ಕೇ ಎಲ್ರೂ ಎಡವೋದು ಅಲ್ಲೇ. "ಮೇರೊ ನಾಮ್ ಸುಮಾ ಹೋ", ನನ್ನ ಹೆಸರು ಸುಮಾ. "ಪಾನಿ ಛ", ನೀರಿದೆ. "ಮಿಠೋ ಛ", ರುಚಿಯಾಗಿದೆ. ನೋಡಿ, ನಾವು ಎಲ್ಲಿ "ಇದೆ" ಅಂತೀವೋ ಬಹುತೇಕ ಅಲ್ಲಿ ಛ, ಎಲ್ಲಿ ಏನೂ ಹೇಳದೆ ಸುಮ್ನಿರ್ತೀವೋ ಅಲ್ಲಿ ಹೋ. ಇನ್ನೂ ಚೆಂದ ಅಂದ್ರೆ ಇಲ್ಲ ಅನ್ನೋದು. ಹೋಇನ ಅಂದ್ರೆ ಅಲ್ಲ, ಛೈನ ಅಂದ್ರೆ ಇಲ್ಲ. ಅಲ್ಲ ಮತ್ತೆ ಇಲ್ಲ! ಹಿಂದಿಯ ಒಂದೇ "ನಹೀಂ" ಇಟ್ಕೊಂಡು ಒದ್ದಾಡೋರ ಪಕ್ಕದಲ್ಲಿ ಕನ್ನಡದ ಆರನೇ ಕ್ಲಾಸ್ ಹುಡುಗಿ ಒಂದ್ಸಲ ಕೇಳಿ ಸರಿಯಾಗಿ ಹೇಳಿದ್ದನ್ನ ನಾನು ನೋಡಿದೀನಿ. ಇದಕ್ಕೆ ನಾವು ಆಡೋದು ತರಕಾರಿ ಆಟ, ಬುಟ್ಟಿ ಮೇಲೆ ಟವೆಲ್ ಮುಚ್ಚಿ ದಿದಿ ಬಾಳೆಹಣ್ಣು ಎತ್ತಿ "ಯೋ ಆಲು ಹೋ?", ಇದು ಆಲೂಗಡ್ಡೇನಾ ಅಂತಾರೆ, ಎಲ್ರೂ "ಹೋಇನ, ಕೇರಾ ಹೋ". "ಆಲು ಛ?" ಅಂದ್ರೆ ಬುಟ್ಟೀಲಿ ಕೈ ಹಾಕಿ ಹುಡುಕಿ ಛ ಅಥವಾ ಛೈನ ಹೇಳ್ಬೇಕು. ತರಕಾರಿ ನಿಜವಾದ್ದೇ ಇರ್ಬೇಕು, ಚಿತ್ರದ ಕಾರ್ಡಲ್ಲಿ ಈ ಮಜಾ ಬರಲ್ಲ, ನಾನು ಎರಡೂ ಮಾಡಿ ನೋಡಿದೀನಿ. ಗೋಲ್‌ಭೇಡಾ ಅಂದ್ರೆ ಟೊಮ್ಯಾಟೊ, ಕಾಉಲಿ ಅಂದ್ರೆ ಹೂಕೋಸು, ಖುರ್ಸಾನಿ ಅಂದ್ರೆ ಮೆಣಸಿನಕಾಯಿ. ಖುರ್ಸಾನಿ ಮುಟ್ಟಿದ ಕೈಯಲ್ಲಿ ಕಣ್ಣು ಮುಟ್ಕೋಬೇಡಿ ಅಂತ ಮಾತ್ರ ಮೊದಲೇ ಹೇಳ್ಬಿಡ್ತೀವಿ.

"ಮಲಾಈ ಭೋಕ್ ಲಾಗ್ಯೊ" ಅನ್ನೋದು ಪದಕ್ಕೆ ಪದ ನಮ್ಮ "ನನಗೆ ಹಸಿವಾಯ್ತು". "ಮಲಾಈ ಥಾಹಾ ಛೈನ", ನನಗೆ ಗೊತ್ತಿಲ್ಲ. ನಮ್ಮೋರಿಗೆ ಇದನ್ನ ವಿವರಿಸೋದೇ ಬೇಡ, ಹೇಳಿ ಮುಂದೆ ಹೋಗ್ತಾ ಇರೋದು.

ಎರಡನೇ ದಿನ ಸಂಖ್ಯೆ. ಇಲ್ಲೇ ನಿಜವಾದ ಕಷ್ಟ ಇರೋದು, ನಮ್ಮ ಸಮಯದಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತೆ, ಹೋಗ್ಲೂ ಬೇಕು. ಒಂದರಿಂದ ಹತ್ತು ಯಾರು ಬೇಕಾದ್ರೂ ಕಲೀತಾರೆ, ಆದ್ರೆ ಅಂಗಡಿಯಲ್ಲಿ ಬರೋ ಉತ್ತರ ಒಂದರಿಂದ ಹತ್ತರೊಳಗೆ ಇರಲ್ಲ. ಪಚಾಸ್ ಅಂದ್ರೆ 50, ಪಚಾಸಿ ಅಂದ್ರೆ 85. ಡೇಢ್ ಸಯ ಅಂದ್ರೆ 150, ಅಢಾಈ ಸಯ ಅಂದ್ರೆ 250, ಈ ಡೇಢ್, ಅಢಾಈ ಚೀಟಿಯಲ್ಲಿ ಇರೋದೇ ಇಲ್ಲ ಆದ್ರೆ ಬಾಯಲ್ಲಿ ಬರೋದು ಅದೇ. ಹಿಂದಿ ಬರೋರಿಗೆ ಸ್ವಲ್ಪ ಸುಲಭ, ಮಿಕ್ಕವರಿಗೆ ನಾನು ತಂಬೋಲಾ ಆಡಿಸ್ತೀನಿ, ಅದೇ ಹೌಸಿ. ನಂಬರ್ ಕೂಗೋದು ನೇಪಾಳಿಯಲ್ಲಿ, ಎರಡು ಸಲ ಮಾತ್ರ. ಲೈನ್ ಹೊಡೆದೋರಿಗೆ ಒಂದು ಸುಂತಲಾ, ಅಂದ್ರೆ ಕಿತ್ತಳೆ.

ಆಮೇಲೆ ನೋಟಿನ ಆಟ. ನೇಪಾಳದ ನೋಟುಗಳ ಒಂದು ಬದಿ ಸಗರಮಾಥಾ, ಅಂದ್ರೆ ಎವರೆಸ್ಟ್, ಇನ್ನೊಂದು ಬದಿ ಒಂದೊಂದು ಪ್ರಾಣಿ, ನೂರಕ್ಕೆ ಘೇಂಡಾಮೃಗ, ಐನೂರಕ್ಕೆ ಹುಲಿ, ಸಾವಿರಕ್ಕೆ ಆನೆ. ಕಾಗದದ ಮೇಲೆ ನಾವೇ ಪ್ರಾಣಿ ಬರೆದು ದುಡ್ಡು ಮಾಡ್ತೀವಿ. ಒಬ್ರು ಸಾಹುಜಿ, ಅಂದ್ರೆ ಅಂಗಡಿಯವರು, ಆಗಿ ಬೆಲೆ ಹೇಳ್ತಾರೆ, ಇನ್ನೊಬ್ರು ಮಾತಾಡ್ದೆ ಸರಿಯಾದ ಪ್ರಾಣಿ ಇಡಬೇಕು, ಆಮೇಲಷ್ಟೇ "ಅಲಿ ಮಿಲಾಉನುಸ್ ನ" ಅಂತ ಚೌಕಾಸಿಗೆ ಪರ್ಮಿಷನ್. ಕೊನೇಲಿರೋ ಆ "ನ" ಅನ್ನೋದನ್ನ ಬಿಡಬೇಡಿ ಅಂತೀನಿ, ಅದು ನಮ್ಮ "ಸ್ವಲ್ಪ ನೋಡ್ಕೊಂಡ್ ಕೊಡ್ರಲ್ಲ" ಅನ್ನೋದ್ರಲ್ಲಿರೋ ಸಲಿಗೆ. ಭಾರತದ ಬ್ಯಾಚಿಗೆ ಇನ್ನೊಂದು ಪ್ರಶ್ನೆ ಸೇರಿಸ್ತೀನಿ, "ಐಸಿ ಕಿ ಎನ್‌ಸಿ?" ಐಸಿ ಅಂದ್ರೆ ನಮ್ಮ ರೂಪಾಯಿ, ಎನ್‌ಸಿ ಇಲ್ಲಿಯದು, 100ಕ್ಕೆ 160 ಲೆಕ್ಕ, 1993ರಿಂದ ಅದೇ ರೇಟು. ಈ ಪ್ರಶ್ನೆ ಅರ್ಥ ಆಗ್ದೆ ತಲೆಯಾಡಿಸಿ ಜಾಸ್ತಿ ಕೊಟ್ಟು ಬಂದೋರನ್ನ ನಾನು ಎಷ್ಟೋ ಜನ ನೋಡಿದೀನಿ.

ಮೂರನೇ ದಿನ ಎಲ್ರಿಗೂ ಪ್ರೀತಿ, ಅವತ್ತು ಕುರ್ಚಿಗಳನ್ನೆಲ್ಲಾ ಸಾಲಾಗಿ ಇಟ್ಟು ಮೈಕ್ರೊ ಬಸ್ ಮಾಡ್ತೀವಿ. ಕಾಠ್ಮಂಡುವಲ್ಲಿ ಮೈಕ್ರೊ ಅಂದ್ರೆ ಚಿಕ್ಕ ವ್ಯಾನು, ಬಾಗಿಲಲ್ಲಿ ನೇತಾಡ್ಕೊಂಡು ಒಬ್ಬ "ರತ್ನಪಾರ್ಕ್ ರತ್ನಪಾರ್ಕ್, ಕಲಂಕಿ ಕಲಂಕಿ" ಅಂತ ಕೂಗ್ತಿರ್ತಾನೆ. ಕ್ಲಾಸಲ್ಲಿ ದಿದಿಯೇ ಕಂಡಕ್ಟರ್. ಹತ್ತಬೇಕಾದ್ರೆ ಜಾಗ ಕೇಳಿ ಖಚಿತ ಮಾಡ್ಕೋಬೇಕು, ದುಡ್ಡು ಕೊಡಬೇಕು, ಇಳಿಯೋ ಜಾಗ ಬಂದಾಗ ಸರಿಯಾಗಿ "ದಾಇ, ರೋಕ್ದಿನುಸ್ ಹೈ", ಅಣ್ಣ ನಿಲ್ಸಿ ಅನ್ನಬೇಕು, ಅನ್ನದಿದ್ರೆ ಬಸ್ ನಿಲ್ಲಲ್ಲ. ಜಾಗ ಬಂತು ಅನ್ನೋಕೆ ಪುಗ್ಯೊ. ಅದೇ ಪುಗ್ಯೊ ಮಧ್ಯಾಹ್ನ ಊಟದಲ್ಲಿ "ಸಾಕು" ಆಗುತ್ತೆ. ದಾಲ್ ಭಾತ್ ಬಡಿಸೋರು ಕೈಯಲ್ಲಿ ಸೌಟು ಹಿಡ್ಕೊಂಡು "ಥಪೌಂ?" ಅಂತ ಬಂದ್ರೆ, ಇನ್ನೂ ಹಾಕ್ಲಾ ಅಂತ, ಪುಗ್ಯೊ ಅಂತ ಗೊತ್ತಿಲ್ದಿರೋರ ತಟ್ಟೆ ಮತ್ತೆ ತುಂಬುತ್ತೆ. ಹೊಟ್ಟೆಗೂ ದಾರಿಗೂ ಒಂದೇ ಪದ ಇರೋ ಭಾಷೆ ಇದು, ನನಗೆ ಇದು ತುಂಬಾ ಇಷ್ಟ.

ಅವತ್ತೇ ದಾರಿ ಪದಗಳು. ಉಕಾಲೊ ಏರು, ಓರಾಲೊ ಇಳಿಜಾರು, ತೇರ್ಸೊ ಸಮ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎವರೆಸ್ಟ್ ಕಡೆ ಹೋಗೋ ಲುಕ್ಲಾ-ನಾಮ್ಚೆ ದಾರಿ ಎಳೀತೀವಿ, ಒಬ್ರಿಗೆ ಕಣ್ಣುಕಟ್ಟಿ ಇನ್ನೊಬ್ರು "ದಾಯಾಂ, ಬಾಯಾಂ, ಸೀಧಾ, ಬಿಸ್ತಾರೈ" ಅಂತ ನಡೆಸ್ತಾರೆ. ಮೊದಲ ಮೂರು ಬಲ, ಎಡ, ನೇರ. ಬಿಸ್ತಾರೈ ಅಂದ್ರೆ ನಿಧಾನಕ್ಕೆ, ಬೆಟ್ಟದಲ್ಲಿ ಒಂದೇ ಪದ ನೆನಪಿರೋದಾದ್ರೆ ಅದಿರಲಿ. ಇದರ ಜೊತೆ ತಪ್ಪದೆ ಕಲಿಸೋದು "ಲೇಕ್ ಲಾಗ್ಯೊ", ಎತ್ತರದ ಕಾಯಿಲೆ ಹಿಡೀತು ಅಂತ. ಲುಕ್ಲಾ 2,860 ಮೀಟರ್, ನಾಮ್ಚೆ 3,440, ಮುಕ್ತಿನಾಥ 3,700ಕ್ಕೂ ಮೇಲೆ. ತಲೆನೋವು, ವಾಂತಿ ಬಂದಾಗ ನಾಚ್ಕೊಂಡು ಸುಮ್ನೆ ಇರೋದು ಜೀವಕ್ಕೇ ಅಪಾಯ. ಈ ಭಾಗ ಆಟ ಮಾಡೋಕೆ ನಾನು ಬಿಡಲ್ಲ. ಒಬ್ಬೊಬ್ರ ಹತ್ರಾನೂ ಹೋಗಿ, ಕಣ್ಣು ನೋಡ್ಕೊಂಡು, "ಟಾಉಕೊ ದುಖ್ಯೊ, ಲೇಕ್ ಲಾಗ್ಯೊ, ತಲ ಜಾನುಪರ್ಯೊ" ಹೇಳಿಸ್ತೀನಿ. ತಲೆ ನೋಯ್ತಿದೆ, ಕೆಳಗೆ ಹೋಗಬೇಕು. ಎದುರಿನೋರು ಗಾಬರಿಯಿಂದ ಇದೇ ಮಾತನ್ನ ಇವರಿಗೆ ಹೇಳಿದ್ರೂ ಅರ್ಥ ಆಗ್ಬೇಕು.

ನೆಂಟಸ್ತಿಕೆ ಪದಗಳು ನಾಲ್ಕೂ ದಿನ ನಡೆಯುತ್ತೆ. ದಾಇ, ಭಾಇ, ದಿದಿ, ಬಹಿನಿ, ಅಂದ್ರೆ ಅಣ್ಣ, ತಮ್ಮ, ಅಕ್ಕ, ತಂಗಿ, ಲೆಕ್ಕ ಹಾಕಿದ ಹಾಗೆ ನಾಲ್ಕಕ್ಕೆ ನಾಲ್ಕು. ನೆದರ್‌ಲ್ಯಾಂಡ್ಸ್‌ನ ರಿಟೈರ್ಡ್ ನರ್ಸ್ ಒಬ್ರು "ಗುರುತಿಲ್ದಿರೋರನ್ನ ಅಣ್ಣ ಅಂತ ಹೇಗೆ ಕರೀಲಿ, ವಯಸ್ಸು ತಪ್ಪಾದ್ರೆ?" ಅಂತ ತುಂಬಾ ಯೋಚನೆ ಮಾಡಿದ್ರು. ನಮಗದು ಕಷ್ಟಾನೇ ಅಲ್ಲ, ಆಟೋದವರಿಂದ ಹಿಡಿದು ಹೂವಿನೋರ ತನಕ ಅಣ್ಣ ಅಕ್ಕ ಅಂತ್ಲೇ ಬೆಳೆದೋರು ನಾವು. ಹಾಗಿದ್ದೂ ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಗೇಟಲ್ಲಿ ಕೂರೋ ನೇಪಾಳಿಯವರನ್ನ ಹೆಸರೂ ಕೇಳ್ದೆ "ಬಹಾದ್ದೂರ್" ಅಂತ ಕರೀತೀವಿ. ಅವರ ಅಮ್ಮ ಇಟ್ಟ ಹೆಸರು ಬೇರೆ ಇರುತ್ತೆ. ಊರಿಗೆ ಹೋದಾಗ ನಾನು ನಮ್ಮ ಗೇಟಿನವರಿಗೆ "ದಾಇ, ಖಾನಾ ಖಾನುಭಯೊ?" ಅಂದೆ, ಊಟ ಆಯ್ತಾ ಅಂತ, ಇಲ್ಲಿ ಜನ ನಮಸ್ಕಾರದ ಬದ್ಲು ಕೇಳೋದೇ ಅದನ್ನ. ಅವರು ಎದ್ದು ನಿಂತ್ಕೊಂಡ್ರು, ಆಮೇಲೆ ಅರ್ಧ ಗಂಟೆ ಅವರ ಮಗಳ ಓದಿನ ಬಗ್ಗೆ ಮಾತಾಡಿದ್ರು.

ಮಾತಾಡೋಕೆ ಹೆದರೋರಿಗೆ ನಾನು ಒಂದು ವಿಷಯ ಹೇಳ್ತೀನಿ. 2021ರ ಜನಗಣತಿ ಪ್ರಕಾರ ನೇಪಾಳದಲ್ಲಿ 124 ಮಾತೃಭಾಷೆ ಇದೆ, ಮನೇಲಿ ನೇಪಾಳಿ ಆಡಿ ಬೆಳೆದೋರು ಅರ್ಧಕ್ಕಿಂತ ಕಮ್ಮಿ. ನೀವು ದಾರೀಲಿ ಮಾತಾಡಿಸೋ ಶೆರ್ಪಾ ಅಕ್ಕ, ತಮಾಂಗ್ ಅಣ್ಣ, ಅವರಲ್ಲಿ ಎಷ್ಟೋ ಜನ ನೇಪಾಳಿಯನ್ನ ಸ್ಕೂಲಲ್ಲೋ ಸಂತೆಯಲ್ಲೋ ಕಲಿತಿರೋರು. ತಪ್ಪು ಮಾಡ್ತಾ ಕಲಿಯೋದು ಏನು ಅಂತ ಅವರಿಗೆ ಗೊತ್ತು, ನಗಲ್ಲ, ಕಾಯ್ತಾರೆ.

ನಾಲ್ಕನೇ ದಿನ ಕ್ಲಾಸ್ ರೂಮಲ್ಲಿ ಇರಲ್ಲ. ಪಾಟನ್‌ನ ಮಂಗಲ್‌ಬಜಾರ್ ಹತ್ರ ಬಿಟ್ಟು, ಒಬ್ಬೊಬ್ರಿಗೂ ಮೂರು ಪ್ರಶ್ನೆ ಕೊಟ್ಟು ಉತ್ತರ ತರೋಕೆ ಕಳಿಸ್ತೀವಿ. ಪ್ರಶ್ನೆ ಕೇಳಿದ್ದಕ್ಕೆ ಮಾರ್ಕ್ಸ್ ಇಲ್ಲ, ತಂದ ಉತ್ತರಕ್ಕೆ ಮಾತ್ರ. ಹುಬ್ಬಳ್ಳಿ ಗುಂಪಲ್ಲಿ ಒಬ್ರು ಆಂಟಿ ಇದ್ರು, ಮೂರು ದಿನ ಗೋಡೆ ಪಕ್ಕ ಕೂತು ಸರಿಯಾಗಿ ಬಾಯೇ ಬಿಟ್ಟಿರ್ಲಿಲ್ಲ, ಅವತ್ತೂ ಎರಡೇ ಉತ್ತರ ತಂದ್ರು. ನನಗೆ ಸ್ವಲ್ಪ ಬೇಜಾರೇ ಆಗಿತ್ತು, ಇವರಿಗೆ ನಾವು ಏನೂ ಕೊಡಲಿಲ್ಲವೇನೋ ಅಂತ. ಐದು ದಿನ ಆದ್ಮೇಲೆ ಮುಕ್ತಿನಾಥದ ದಾರೀಲಿರೋ ಜೋಮ್ಸೋಮ್‌ನಿಂದ ಅವರದೇ ವಾಯ್ಸ್ ಮೆಸೇಜ್ ಬಂತು, ಹಿಂದೆ ಗಾಳಿ ಭರ್ರೋ ಅಂತಿತ್ತು. "ಮುಕ್ತಿನಾಥಕ್ಕ ಎಷ್ಟು ಹೊತ್ತು ಅಂತ ಜೀಪಿನವನ್ನ ಕೇಳಿದ್ವಿರಿ. ಅಂವಾ ಡೇಢ್ ಘಂಟಾ ಅಂದ. ಎಲ್ಲಾರೂ ಮಾರಿ ಮಾರಿ ನೋಡಾಕತ್ತಿದ್ರು, ನಾನ ಹೇಳ್ದೆ ನೋಡ್ರಿ, ಒಂದೂವರಿ ತಾಸು ಅಂತ."