ಕಾಂಪೌಂಡ್ ಆಚೆಗಿನ ಊರು

ಮಾರ್ಚ್ ತಿಂಗಳು ಬಂತು ಅಂದ್ರೆ ನಮ್ಮಂಥ ಮಧ್ಯಮ ಗಾತ್ರದ ಕಂಪನಿಗಳಲ್ಲಿ ಒಂದು ಗಡಿಬಿಡಿ ಶುರುವಾಗತ್ತೆ. ಸಿಎಸ್‌ಆರ್ ದುಡ್ಡು (ಕಂಪನಿ ತನ್ನ ಲಾಭದಲ್ಲಿ ಸಮಾಜಕ್ಕೆ ಅಂತ ಖರ್ಚು ಮಾಡ್ಬೇಕಾದ ಪಾಲು) ಇಷ್ಟು ಉಳಿದಿದೆ, 31ನೇ ತಾರೀಖಿನೊಳಗೆ ಖರ್ಚಾಗ್ಬೇಕು, ಯಾವುದಾದ್ರೂ ಶಾಲೆ ಹುಡುಕಿ ಬ್ಯಾಗೋ ಬೆಂಚೋ ಕೊಡಿಸಿ ಅಂತ ಮೇಲ್ ಬರತ್ತೆ. ನಾನು ಆನೇಕಲ್ ಕಡೆ ಒಂದು ಫ್ಯಾಕ್ಟರಿಲಿ ಅಡ್ಮಿನ್ ನೋಡ್ಕೋತೀನಿ, ಹಾಗಾಗಿ ಆ ಮೇಲ್ ನನಗೇ ಬರೋದು.

ಹಿಂದೆ ಬೇರೆ ಕಂಪನಿಲಿದ್ದಾಗ ಹೀಗೇ ವರ್ಷದ ಕೊನೇ ವಾರದಲ್ಲಿ ಒಂದು ಸರ್ಕಾರಿ ಶಾಲೆಗೆ ಆರ್‌ಓ ಪ್ಲಾಂಟ್ ಹಾಕಿಸಿದ್ವಿ. ರಿಬ್ಬನ್ ಕಟ್ ಆಯ್ತು, ಫೋಟೋ ಆಯ್ತು, ಮಕ್ಕಳಿಗೆ ಸ್ವೀಟ್ ಹಂಚಿ ಬಂದ್ವಿ. ಆರು ತಿಂಗಳಾದ್ಮೇಲೆ ಏನೋ ಕೆಲಸಕ್ಕೆ ಆ ಕಡೆ ಹೋದವನು ಶಾಲೆ ಒಳಗೆ ಹೋಗಿ ನೋಡ್ತೀನಿ, ಪ್ಲಾಂಟ್ ರೂಮಿಗೆ ಬೀಗ. ಫಿಲ್ಟರ್ ಬದಲಾಯಿಸೋಕೆ ಶಾಲೆಲಿ ದುಡ್ಡಿಲ್ಲ, ಬೇಸಿಗೆಲಿ ಬೋರ್‌ವೆಲ್ಲೇ ಬತ್ತಿತ್ತಂತೆ. "ಮೊದ್ಲೇ ಕೇಳಿದ್ರೆ ಹೇಳ್ತಿದ್ದೆ ಸರ್, ನಮಗೆ ಬೇಕಾಗಿದ್ದು ಸಂಪು ರಿಪೇರಿ" ಅಂದ್ರು ಹೆಡ್ ಮಿಸ್ಸು. ಅವರ ದನಿಲಿ ಕೋಪ ಇರ್ಲಿಲ್ಲ. ಕೋಪ ಇದ್ದಿದ್ರೆ ನನಗೆ ಅಷ್ಟು ನೋವಾಗ್ತಿರಲಿಲ್ವೇನೋ.

ಇದು ಒಂದು ಶಾಲೆ ಕಥೆ ಅಲ್ಲ. ಸ್ವಚ್ಛ ವಿದ್ಯಾಲಯ ಅಭಿಯಾನದಲ್ಲಿ ಕೇಂದ್ರ ಸರ್ಕಾರದ ಕಂಪನಿಗಳು ದೇಶದ ತುಂಬಾ ಶಾಲೆಗಳಲ್ಲಿ ಶೌಚಾಲಯ ಕಟ್ಟಿಸಿದ್ವಲ್ಲ, ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ಹೋಗಿ ನೋಡಿ 2020ರಲ್ಲಿ ವರದಿ ಕೊಡ್ತು: ಅವರು ಪರಿಶೀಲಿಸಿದ ಶೌಚಾಲಯಗಳಲ್ಲಿ 72% ಕಡೆ ಒಳಗೆ ನೀರಿನ ವ್ಯವಸ್ಥೆನೇ ಇರ್ಲಿಲ್ಲ. ಕಟ್ಟೋಕೆ ದುಡ್ಡಿತ್ತು, ಆಮೇಲೆ ನೋಡ್ಕೊಳ್ಳೋರು ಯಾರು ಅನ್ನೋ ಪ್ರಶ್ನೆ ಮಾತ್ರ ಯಾರೂ ಸರಿಯಾಗಿ ಕೇಳಿರ್ಲಿಲ್ಲ ಅನ್ಸತ್ತೆ.

ಕಾನೂನು ಏನ್ ಹೇಳತ್ತೆ ಅಂತ ಚಿಕ್ಕದಾಗಿ ಹೇಳ್ಬಿಡ್ತೀನಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, 2014ರ ಏಪ್ರಿಲ್‌ನಿಂದ ಜಾರಿಲಿದೆ. ನಿವ್ವಳ ಮೌಲ್ಯ 500 ಕೋಟಿ, ಇಲ್ಲಾ ವಹಿವಾಟು 1000 ಕೋಟಿ, ಇಲ್ಲಾ ನಿವ್ವಳ ಲಾಭ 5 ಕೋಟಿ, ಇದರಲ್ಲಿ ಒಂದನ್ನ ಮುಟ್ಟಿದ್ರೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಸಮಾಜಕ್ಕೆ ಖರ್ಚು ಮಾಡ್ಬೇಕು. ಕಂಪನಿ ಇರೋ ಸುತ್ತಮುತ್ತಲಿನ ಜಾಗಕ್ಕೇ ಮೊದಲ ಆದ್ಯತೆ ಕೊಡಿ ಅಂತಲೂ ಅದೇ ಸೆಕ್ಷನ್‌ನಲ್ಲಿ ಬರೆದಿದೆ. ನನಗೆ ಇಡೀ ಕಾನೂನಲ್ಲಿ ತುಂಬಾ ಇಷ್ಟ ಆಗೋ ಸಾಲು ಅದು.

ಯಾಕಂದ್ರೆ ಫ್ಯಾಕ್ಟರಿ ಅನ್ನೋದು ಗಾಳಿಲಿ ನಿಂತಿರಲ್ಲ. ನಮ್ಮ ಬೋರ್‌ವೆಲ್ ನೀರು ಊರಿನ ಕೆರೆ ಇಂಗಿಸಿದ ನೀರು, ಕೆಲಸಕ್ಕೆ ಬರೋ ಹುಡುಗರು ಊರಿನ ಶಾಲೆಲಿ ಓದಿದವರು, ನಮ್ಮ ಲಾರಿಗಳು ಓಡಾಡೋದು ಅದೇ ಊರಿನ ರಸ್ತೆ ಮೇಲೆ. 2024ರ ಬೇಸಿಗೆಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಎಷ್ಟು ದೊಡ್ಡ ಕಂಪನಿ ಆದ್ರೂ ಟ್ಯಾಂಕರ್‌ಗೆ ಕಾಯೋ ಪರಿಸ್ಥಿತಿ ಬಂತಲ್ಲ, ಆಗ ನನಗೆ ನೆನಪಾಗಿದ್ದು ಕ್ಯಾಲಸನಹಳ್ಳಿ ಕೆರೆ.

ನಮ್ಮ ಆನೇಕಲ್ ತಾಲೂಕಿನದ್ದೇ, 36 ಎಕರೆ, ಒಣಗಿ ಮೈದಾನ ಆಗಿತ್ತು. ಸನ್ಸೇರಾ ಎಂಜಿನಿಯರಿಂಗ್ ಕಂಪನಿಲಿ ಎಂಜಿನಿಯರ್ ಆಗಿದ್ದ ಕೊಪ್ಪಳ ಕಡೆಯ ಆನಂದ್ ಮಲ್ಲಿಗವಾಡ್ 2017ರಲ್ಲಿ ಕಂಪನಿಯ ಸಿಎಸ್‌ಆರ್ ದುಡ್ಡಲ್ಲಿ, ಸುಮಾರು ಒಂದು ಕೋಟಿ, ಅದನ್ನ ಹೂಳೆತ್ತಿಸಿದ್ರು. ತೆಗೆದ ಮಣ್ಣನ್ನ ಕೆರೆ ನಡುವೆನೇ ಗುಡ್ಡೆ ಹಾಕಿ ಹಕ್ಕಿಗಳಿಗೆ ನಡುಗಡ್ಡೆ ಮಾಡಿಸಿದ್ರು, ಸುತ್ತ ಗಿಡ ನೆಡಿಸಿದ್ರು, ಮಳೆ ಬಂದ್ಮೇಲೆ ಕೆರೆ ತುಂಬ್ತು. ಅವರು ಆಮೇಲೆ ಕೆಲಸ ಬಿಟ್ಟು ಪೂರ್ತಿ ಕೆರೆಗಳಿಗೇ ನಿಂತ್ಕೊಂಡ್ರು. ಒಂದು ಕೋಟಿ ದೊಡ್ಡ ದುಡ್ಡೇ, ಆದ್ರೆ ಅದೇ ಒಂದು ಕೋಟಿಲಿ ಎಷ್ಟು ಸಾವಿರ ಬ್ಯಾಗ್ ಹಂಚಬಹುದಿತ್ತು ಅಂತ ಯೋಚ್ನೆ ಮಾಡಿ, ಆ ಬ್ಯಾಗ್‌ಗಳು ಎರಡು ವರ್ಷದಲ್ಲಿ ಹರಿದೋಗ್ತಿದ್ವು, ಕೆರೆ ಮಾತ್ರ ಪ್ರತಿ ಮಳೆಗೂ ಊರಿಗೂ ಫ್ಯಾಕ್ಟರಿಗಳಿಗೂ ನೀರು ಇಂಗಿಸ್ತಾ ಇರತ್ತೆ.

ಇದರಿಂದ ಕಂಪನಿಗೇನು ಲಾಭ ಅಂತ ನಮ್ಮ ಫೈನಾನ್ಸ್‌ನವರು ನೇರವಾಗಿ ಕೇಳ್ತಾರೆ, ಕೇಳೋದು ತಪ್ಪಲ್ಲ. ಸಿಎಸ್‌ಆರ್ ಖರ್ಚನ್ನ ಬಿಸಿನೆಸ್ ಖರ್ಚು ಅಂತ ತೋರಿಸಿ ಟ್ಯಾಕ್ಸ್ ಕಡಿಮೆ ಮಾಡ್ಕೊಳ್ಳೋಕೂ ಆಗಲ್ಲ. ಆದ್ರೆ ಊರಿನವರು ನಮ್ಮನ್ನ ನಂಬಿದ್ರೆ ಗೇಟ್ ಮುಂದೆ ಜಗಳ ಕಡಿಮೆ, ಪಕ್ಕದ ಐಟಿಐ ಚೆನ್ನಾಗಿದ್ರೆ ಮಷಿನ್ ನಡೆಸೋಕೆ ಜನ ಹುಡುಕ್ಕೊಂಡು ಅಲೆಯೋದು ಬೇಡ. ಇನ್ನೊಂದು, ಟಾಪ್ 1000 ಲಿಸ್ಟೆಡ್ ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅಂತ, ಪರಿಸರ, ಸಮಾಜದ ವಿಷಯದಲ್ಲಿ ಹೇಗೆ ನಡ್ಕೋತಿದೀವಿ ಅನ್ನೋ ವರದಿ ಕೊಡ್ಲೇಬೇಕು ಅಂತ ಷೇರು ಮಾರುಕಟ್ಟೆ ನಿಯಂತ್ರಿಸೋ ಸೆಬಿ ಮಾಡಿದೆ. ಈಗ ಆ ದೊಡ್ಡ ಕಂಪನಿಯವರು ನಮ್ಮಂಥ ಸಪ್ಲೈಯರ್‌ಗಳಿಗೆ ನೀರು ಎಲ್ಲಿಂದ ತರ್ತೀರ, ತ್ಯಾಜ್ಯ ಎಲ್ಲಿಗೆ ಬಿಡ್ತೀರ, ಕಾಂಟ್ರಾಕ್ಟ್ ಕಾರ್ಮಿಕರಿಗೆ ಪಿಎಫ್ ಕಟ್ತೀರಾ ಅಂತ ಉದ್ದದ ಪಟ್ಟಿ ಕಳಿಸ್ತಾರೆ.

ಆ ಪ್ರಶ್ನೆಗಳು ಸಿಎಸ್‌ಆರ್‌ಗಿಂತ ಮುಂಚೆ ಬರೋವು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕೊಳಚೆ ನೀರನ್ನ ನಾವು ಶುದ್ಧ ಮಾಡೋದು ಸಮಾಜಸೇವೆ ಅಲ್ಲ, ಅದು ನಮ್ಮ ಕರ್ತವ್ಯ. ಬೆಳ್ಳಂದೂರು ಕೆರೆ ನೊರೆ ಉಕ್ಕಿ ರಸ್ತೆಗೆ ಬಂದಿದ್ದನ್ನ, 2017ರಲ್ಲಿ ಅಲ್ಲಿ ಬೆಂಕಿ ಹತ್ತಿದ್ದನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಒಂದು ಕಡೆ ರಾಜಕಾಲುವೆಗೆ ಪೈಪ್ ಬಿಟ್ಟು ಇನ್ನೊಂದು ಕಡೆ ಗಿಡ ನೆಟ್ರೆ ಊರಿನವರಿಗೆ ಗೊತ್ತಾಗಲ್ವಾ, ಅವರ ಮನೆ ದನ ಕುಡಿಯೋದೇ ಆ ನೀರು.

ಈ ಸಲ ನಾನು ಜನವರಿಲೇ ಪಕ್ಕದ ಎರಡು ಶಾಲೆಗೆ, ಒಂದು ಪಂಚಾಯ್ತಿಗೆ ಹೋಗಿ ಕೂತ್ಕೊಂಡು ಬಂದೆ, ಕೈಲಿ ಬರೀ ನೋಟ್‌ಬುಕ್ ಇಟ್ಕೊಂಡು. ಒಂದು ಶಾಲೆಯವರು ಸಂಪು ಮತ್ತೆ ಮಳೆಕೊಯ್ಲು ಕೇಳಿದ್ರು. ಇನ್ನೊಂದು ಶಾಲೆಯವರು ಕೇಳಿದ್ದು ಕಾಂಪೌಂಡ್, ರಾತ್ರಿ ಹೊತ್ತು ಯಾರ್ಯಾರೋ ಒಳಗೆ ಬಂದು ಬಾಟಲಿ ಒಡೆದು ಹೋಗ್ತಾರಂತೆ. ಮುಂದುವರಿಯೋ ಯೋಜನೆ ಆದ್ರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದ ತನಕ ನಡೆಸೋಕೆ ನಿಯಮದಲ್ಲೇ ಅವಕಾಶ ಇದೆ, ಹಾಗಾಗಿ ಸಂಪು ಕಟ್ಟೋ ದುಡ್ಡಿನ ಜೊತೆ ಮೂರು ವರ್ಷದ ಮೇಂಟೆನೆನ್ಸನ್ನೂ ಸೇರಿಸಿ ಕಮಿಟಿಗೆ ಕಳಿಸಿದೀನಿ. ಮುಂದಿನ ಗುರುವಾರ ಮೀಟಿಂಗ್ ಇದೆ. ಆ ಹೆಡ್ ಮಿಸ್ಸಿಗೂ ಫೋನ್ ಮಾಡಿದ್ದೆ, ಬೀಗ ಹಾಕಿರೋ ಪ್ಲಾಂಟನ್ನ ರಿಪೇರಿ ಮಾಡಿಸೋಕಾಗತ್ತಾ ಅಂತ ನಮ್ಮ ಮೇಂಟೆನೆನ್ಸ್ ಹುಡುಗನ್ನ ಕರ್ಕೊಂಡು ಭಾನುವಾರ ಹೋಗ್ತಾ ಇದೀನಿ.