ಫಿಟ್ ಅಂತ ಬರೆದ ಚೀಟಿ

ಕಾಯಿಲೆ ರಜೆ ಮುಗಿಸಿ ಅಕ್ಕ ಲೈನಿಗೆ ವಾಪಸ್ ಬಂದಾಗ ಕೈಯಲ್ಲಿ ಡಾಕ್ಟರ್ ಚೀಟಿ ಇತ್ತು, 'ಫಿಟ್' ಅಂತ. ಅವರು ಮೆಟ್ಟಿಲು ಹತ್ತಿದ ರೀತಿ ನೋಡಿದರೆ ಸೊಂಟ ಮಾತ್ರ ಆ ಚೀಟಿ ಓದಿರಲಿಲ್ಲ.

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಸೂಪರ್‌ವೈಸರ್. ಅಕ್ಕ ಕಾಲರ್ ಕೂರಿಸೋ ಟೈಲರ್, ಹದಿನಾಲ್ಕು ವರ್ಷ ಪಳಗಿದ ಕೈ. ಹೋದ ವರ್ಷ ಅವರು ಆಗಾಗ ಎದ್ದು ನಿಲ್ಲೋದು ಕಂಡು "ನಾಟಕ" ಅಂತ ಗೊಣಗಿದವಳು ನಾನೇ. ಸೊಂಟನೋವಿಗೆ ಬ್ಯಾಂಡೇಜಿಲ್ಲ, ಊತವಿಲ್ಲ. ನೋಡೋರಿಗೆ ಏನು ಕಾಣಬೇಕು? ಇಎಸ್‌ಐ ಅಂದ್ರೆ ಕಾರ್ಮಿಕರ ಸರ್ಕಾರಿ ವಿಮೆ, ಅದರಲ್ಲಿ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ದುಡ್ಡು ಸಿಗುತ್ತೆ. ಅಕ್ಕ ಅಷ್ಟನ್ನೂ ಮುಗಿಸಿಯೇ ಬಂದಿದ್ದರು. ದಿನ ಮುಗಿದಿತ್ತು, ನೋವು ಮುಗಿದಿರಲಿಲ್ಲ.

"ಕೂತ್ರೆ ನೋವಾ, ನಿಂತ್ರೆ ನೋವಾ ಅಕ್ಕ?"

"ಒಂದೇ ಸಮ ಕೂತಿದ್ರೆ ಮೇಡಂ. ಅರ್ಧ ಗಂಟೆ ಆದ್ಮೇಲೆ ಬಲಗಾಲಿಗೆ ಇಳಿಯುತ್ತೆ."

ಬಲಗಾಲು ಅಂದ್ರೆ ಪೆಡಲ್ ಒತ್ತೋ ಕಾಲು. ಅವತ್ತು ಮೊದಲ ಸಲ ಮಿಷನ್ ಕೆಳಗೆ ಬಗ್ಗಿ ನೋಡಿದೆ. ಪೆಡಲ್ ತೀರಾ ಒಳಗಿತ್ತು, ಅಕ್ಕನ ಪಾದ ಸ್ಟೂಲಿನಡಿಗೆ ಮಡಚಿಕೊಂಡಿತ್ತು. ಸ್ಟೂಲಿಗೆ ಒರಗೋಕೆ ಏನೂ ಇಲ್ಲ. ಮೆಕ್ಯಾನಿಕ್ ನಾಲ್ಕು ಬೆರಳಷ್ಟು ಪೆಡಲ್ ಮುಂದಕ್ಕೆ ಸರಿಸಿದ, ಹತ್ತು ನಿಮಿಷದ ಕೆಲಸ. ಆಫೀಸಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕುರ್ಚಿ ತರಿಸಿದೆ. ಹೆಲ್ಪರ್‌ಗೆ ಹೇಳಿದೆ, "ಅಕ್ಕನಿಗೆ ಬಂಡಲ್ ತಂದುಕೊಡಬೇಡ, ಅವರೇ ಎದ್ದು ತಗೊಳ್ಳಲಿ." ನಮ್ಮ ಫ್ಲೋರಲ್ಲಿ ಸುಮ್ಮನೆ ಎದ್ದರೆ ತಪ್ಪು, ಬಂಡಲ್‌ಗೆ ಎದ್ದರೆ ಕೆಲಸ!

ಕಷ್ಟವಾದದ್ದು ಟಾರ್ಗೆಟ್. ಗಂಟೆಗೆ 60ರ ಬದಲು 40 ಅಂದಾಗ ಫ್ಲೋರ್ ಇನ್‌ಚಾರ್ಜ್ ಮುಖ ಗಂಟಿಕ್ಕಿದರು. ಅವರದ್ದೂ ಸುಳ್ಳಲ್ಲ, ಕಾಲರ್ ನಿಂತರೆ ಮುಂದಿನವರೆಲ್ಲ ಕೈಕಟ್ಟಿ ಕೂರಬೇಕು. ಉಳಿದ 20 ಪೀಸನ್ನ ಪಕ್ಕದ ಹುಡುಗಿಗೆ ಹಾಕಿದೆ. "ನಮಗೂ ಸೊಂಟ ಇದೆ ಮೇಡಂ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ವಾರ ಅಕ್ಕ 52ಕ್ಕೆ ಬಂದರು. ಮೂರನೇ ವಾರ ಬಸ್ಸಲ್ಲಿ ನಿಂತು ಬಂದ ಒಂದು ದಿನ 30ಕ್ಕೆ ಇಳಿದರು. "ವಾಸಿಯಾಗಿಲ್ಲ, ಕಳಿಸಿಬಿಡೋಣ" ಅಂದರು ಇನ್‌ಚಾರ್ಜ್. ಈ ನೋವಿಗೆ ಏರಿಳಿತ ಇದ್ದೇ ಇರುತ್ತೆ, ಒಂದು ದಿನದ ಲೆಕ್ಕ ಹಿಡಿಯಬೇಡಿ, ತಿಂಗಳದ್ದು ನೋಡಿ ಅಂತ ಜಗಳ ಆಡಿದೆ. ತಿಂಗಳ ಕೊನೆಗೆ ಉಳಿದುಕೊಂಡರು. ಈಗಲೂ 50ರ ಆಸುಪಾಸೇ.

ಮೊನ್ನೆ ಮೆಕ್ಯಾನಿಕ್ ಬಂದ. "ಮೇಡಂ, ಇನ್ನೂ ಆರು ಜನ ಪೆಡಲ್ ಸರಿಸಿಕೊಡು ಅಂತಿದ್ದಾರೆ. ಯಾರದ್ದು ಮೊದಲು?"

ಪಕ್ಕದ ಹುಡುಗಿಯ ಮಿಷನ್ ತೋರಿಸಿದೆ.