ವಿಳಾಸ ಬಂತು, ಕಾಂಟ್ರಾಕ್ಟ್ ಎಲ್ಲಿ?

ನನ್ನ ತಮ್ಮ ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಗಂಗಾವತಿ ಕಡೆ ಭತ್ತದ ಚೀಲ ಯಾವ ಹೊಲದಿಂದ ಯಾವ ಮಿಲ್ಲಿಗೆ ಹೋಯಿತು ಅಂತ ಎಥೀರಿಯಂ ಅನ್ನುವ ಬ್ಲಾಕ್‌ಚೈನ್‌ನಲ್ಲಿ (ಹಲವು ಕಂಪ್ಯೂಟರ್‌ಗಳು ಹಂಚಿಕೊಂಡು ಇಡುವ ದಾಖಲೆ ಪುಸ್ತಕ) ಬರೆದಿಡುವ ಪ್ರಾಜೆಕ್ಟ್ ಮಾಡುತ್ತಿದ್ದಾನೆ. ಹೋದ ಶನಿವಾರ ಮನೆಗೆ ಬಂದವನೇ, "ಅಣ್ಣಾ, ಡಿಪ್ಲಾಯ್ ಆಗ್ತದ, ವಿಳಾಸನೂ ಬರ್ತದ, ಪೇಜಿನ್ಯಾಗ ಮಾತ್ರ ಏನೂ ಕಾಣವಲ್ದು" ಅಂದ. ಡಿಪ್ಲಾಯ್ ಅಂದರೆ ಕಾಂಟ್ರಾಕ್ಟನ್ನು, ಅಂದರೆ ಆ ಲೆಕ್ಕ ಇಡುವ ಪ್ರೋಗ್ರಾಂ ಅನ್ನು, ಚೈನ್ ಮೇಲೆ ಏರಿಸುವುದು.

ಒಗ್ಗಾಣಿ ಮಿರ್ಚಿ ತಿಂದು ಕೂತವರು ಏಳುವಾಗ ರಾತ್ರಿ ಹನ್ನೊಂದು.

ತಮ್ಮ ಬಳಸುವುದು ಹಾರ್ಡ್‌ಹ್ಯಾಟ್ 2, ಕಾಂಟ್ರಾಕ್ಟ್ ಬರೆದು ಪರೀಕ್ಷಿಸುವ ಸಾಧನ. ಅದರಲ್ಲಿ ನಾವೇನೂ ಬರೆಯದೆ ಎರಡು ನೆಟ್‌ವರ್ಕ್ ಸಿಗುತ್ತವೆ. 'ಹಾರ್ಡ್‌ಹ್ಯಾಟ್' ಅನ್ನುವುದು ಸ್ಕ್ರಿಪ್ಟ್ ಜೊತೆ ಶುರುವಾಗಿ ಸ್ಕ್ರಿಪ್ಟ್ ಜೊತೆಗೇ ಮುಗಿಯುತ್ತದೆ. 'ಲೋಕಲ್‌ಹೋಸ್ಟ್' ಅಂದರೆ ಇನ್ನೊಂದು ಟರ್ಮಿನಲ್‌ನಲ್ಲಿ ನಾವೇ ಓಡಿಸಿದ ನೋಡ್ (ನಮ್ಮ ಕಂಪ್ಯೂಟರ್‌ನಲ್ಲೇ ಇರುವ ಪುಟ್ಟ ಚೈನ್), ಪೋರ್ಟ್ 8545. ಎರಡರ ಚೈನ್ ಐಡಿಯೂ (ಚೈನ್‌ನ ಗುರುತಿನ ಸಂಖ್ಯೆ) 31337. ಯಾವುದು ಅಂತ ಹೇಳದಿದ್ದರೆ ಅದು ಮೊದಲನೆಯದನ್ನೇ ಹಿಡಿಯುತ್ತದೆ, ಅಲ್ಲಿಗೆ ಡಿಪ್ಲಾಯ್ ಮಾಡುತ್ತದೆ, ವಿಳಾಸ ತೋರಿಸುತ್ತದೆ, ಆಮೇಲೆ ಎಲ್ಲವೂ ಮಾಯ. ತಮ್ಮನ ಪೇಜ್ ಹುಡುಕುತ್ತಿದ್ದದ್ದು ಎರಡನೆಯದರಲ್ಲಿ.

ದಾರಿ ತಪ್ಪಿಸಿದ್ದು ಆ ವಿಳಾಸ. ಕಾಂಟ್ರಾಕ್ಟ್ ವಿಳಾಸ ಹುಟ್ಟುವುದು ಕಳಿಸುವ ಖಾತೆ ಮತ್ತು ಅದರ ನಾನ್ಸ್ (ಆ ಖಾತೆ ಅಲ್ಲಿಯವರೆಗೆ ಕಳಿಸಿದ ವ್ಯವಹಾರಗಳ ಎಣಿಕೆ), ಈ ಎರಡರಿಂದ. ಎರಡೂ ಕಡೆ ಅದೇ 20 ಪರೀಕ್ಷಾ ಖಾತೆಗಳು, ನಾನ್ಸ್ ಸೊನ್ನೆ. ಹಾಗಾಗಿ ಎಲ್ಲಿ ಡಿಪ್ಲಾಯ್ ಮಾಡಿದರೂ ಮೊದಲ ವಿಳಾಸ ಅದೇ. ತಮ್ಮ ಅದನ್ನು ನೋಡಿ ಸರಿಯಾಗಿದೆ ಅಂದುಕೊಂಡಿದ್ದ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ?

ಲೋಕಲ್‌ಹೋಸ್ಟ್‌ನಲ್ಲಿ ಆ ವಿಳಾಸಕ್ಕೆ ಗೆಟ್‌ಕೋಡ್ (ಅಲ್ಲಿರುವ ಪ್ರೋಗ್ರಾಂ ಕೋಡ್ ತೋರಿಸುವ ಕರೆ) ಕೇಳಿ ನೋಡಿ. ಬರೀ '0ಎಕ್ಸ್' ಬಂದರೆ ಅಲ್ಲಿ ಕಾಂಟ್ರಾಕ್ಟ್ ಇಲ್ಲ. ನಮಗೂ ಅದೇ ಬಂತು. ರನ್ ಕಮಾಂಡ್‌ಗೆ '--ನೆಟ್‌ವರ್ಕ್ ಲೋಕಲ್‌ಹೋಸ್ಟ್' ಸೇರಿಸಿದ ಕೂಡಲೇ ಪೇಜಿನಲ್ಲಿ ಮೊದಲ ಚೀಲ ಕಾಣಿಸಿತು. ಕಾನ್ಫಿಗ್ ಫೈಲ್‌ನಲ್ಲಿ ಡೀಫಾಲ್ಟ್ ನೆಟ್‌ವರ್ಕ್ ಅನ್ನೇ ಬದಲಿಸಬಹುದು, ಆದರೆ ನನಗೆ ಅದು ಬೇಡ ಅನಿಸುತ್ತದೆ. ಟೆಸ್ಟ್‌ಗಳೂ ಆ ನೋಡ್ ಮೇಲೆಯೇ ಓಡಿ, ಹಳೇ ಡೇಟಾ ಜೊತೆ ಕಲಸಿಹೋಗುತ್ತವೆ.

ಇನ್ನೊಂದು. ನೋಡ್‌ನಲ್ಲಿರುವುದೆಲ್ಲ ಮೆಮೊರಿಯಲ್ಲೇ. ಭಾನುವಾರ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಯಿತು, ಚೈನ್ ಮತ್ತೆ ಸೊನ್ನೆಗೆ ಬಂತು, ಬ್ರೌಸರಿನಲ್ಲಿ ಖಾತೆ ನೋಡಿಕೊಳ್ಳುವ ವಾಲೆಟ್ ಮೆಟಾಮಾಸ್ಕ್ ಮಾತ್ರ ಹಳೇ ನಾನ್ಸ್ ಹಿಡಿದುಕೊಂಡು 'ನಾನ್ಸ್ ಜಾಸ್ತಿಯಾಯಿತು' ಅಂತ ಎರರ್ ಕೊಟ್ಟಿತು. ಅದರ ಸೆಟ್ಟಿಂಗ್ಸ್‌ನಲ್ಲಿ ಆ ಖಾತೆಯ ಆಕ್ಟಿವಿಟಿ ಡೇಟಾ ಅಳಿಸಿ, ಕಾಂಟ್ರಾಕ್ಟ್ ಮತ್ತೆ ಡಿಪ್ಲಾಯ್ ಮಾಡಿದೆವು.

ಮುಂದಿನ ವಾರ ಸೆಪೋಲಿಯಾ ಟೆಸ್ಟ್‌ನೆಟ್ (ಪರೀಕ್ಷೆಗೆಂದೇ ಇರುವ ಸಾರ್ವಜನಿಕ ಚೈನ್), ಚೈನ್ ಐಡಿ 11155111. ಪ್ರೈವೇಟ್ ಕೀ, ಅಂದರೆ ಖಾತೆಯ ಗುಟ್ಟಿನ ಕೀಲಿ, ಕಾನ್ಫಿಗ್ ಫೈಲ್‌ನಲ್ಲಿ ಬರೆಯಬೇಡ ಅಂತ ತಮ್ಮನಿಗೆ ಈಗಲೇ ಹೇಳಿದ್ದೇನೆ. ಗಿಟ್‌ಹಬ್‌ಗೆ ಹೋದರೆ ಕೀ ಹುಡುಕುವ ಬಾಟ್‌ಗಳು ಕಾಯುತ್ತಿರುತ್ತವೆ. ಇಂಥ ಗುಟ್ಟು ಇಡಲೆಂದೇ ಇರುವ 'ಹಾರ್ಡ್‌ಹ್ಯಾಟ್ ವಾರ್ಸ್' ಸೌಲಭ್ಯದಲ್ಲಿ ಇಟ್ಟರೆ ಅದು ಪ್ರಾಜೆಕ್ಟ್ ಫೋಲ್ಡರಿನ ಹೊರಗೇ ಇರುತ್ತದೆ.